ಹೆಸರಿನ ಬದಲು ಒಂದು ಗುಟುಕು ನೀರು

ಫೆಬ್ರವರಿಯ ಎರಡನೇ ಭಾನುವಾರ, ಮಧ್ಯಾಹ್ನ ಮೂರು ಗಂಟೆಗೆ ಇದನ್ನು ಬರೆಯಲು ಕೂತಿದ್ದೇನೆ. ಬೇಕೆಂದೇ ಈ ಹೊತ್ತನ್ನು ಆರಿಸಿಕೊಂಡೆ. ಮೂರು ಗಂಟೆ ಅವನದಾಗಿತ್ತು. ನಾಲ್ಕು ವರ್ಷ, ಸೂತಕದ ದಿನಗಳನ್ನೂ ಕಡೆಯ ಕಾಯಿಲೆಯ ದಿನಗಳನ್ನೂ ಬಿಟ್ಟರೆ ಒಂದು ದಿನವೂ ತಪ್ಪದೆ, ಅವನು ಕಮಲಾಪುರದ ತನ್ನ ಮನೆಯ ಪಡಸಾಲೆಯಲ್ಲಿ ಮಂಚದ ಮೇಲೆ ಕೂತು ಫೋನಿನಲ್ಲಿ ಲೈವ್ ಬರುತ್ತಿದ್ದ. ಕಲಬುರಗಿಯ ಖೂಬಾ ಪ್ಲಾಟ್‌ನ ನಮ್ಮ ಮನೆಯಲ್ಲಿ ಅವ್ವನ ಹೊಲಿಗೆ ಮಷಿನ್ನು ಆಗ ನಿಲ್ಲುತ್ತಿತ್ತು. ಅವನು ತೀರಿಕೊಂಡು ಮೊನ್ನೆಗೆ ಒಂದು ತಿಂಗಳು. ಈಗ ಮೂರು ಗಂಟೆಗೆ ಮಷಿನ್ನು ನಿಲ್ಲುವುದಿಲ್ಲ.

ಅವನ ಹೆಸರು ಇಲ್ಲಿ ಬರುವುದಿಲ್ಲ. ಕಮಲಾಪುರದವರಿಗೆ ಯಾರೆಂದು ತಾನಾಗಿಯೇ ಗೊತ್ತಾಗುತ್ತದೆ, ಆಗಲಿ. ವಯಸ್ಸಿನಲ್ಲಿ ನನ್ನ ಅಪ್ಪನಿಗಿಂತ ಹಿರಿಯ, ‘ಅವರು’ ಎಂದು ಬರೆಯಬೇಕಾದವನು. ಬರೆಯುವುದಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂದು ಅಪ್ಪ ಹೇಳಿದ್ದಾರೆ. ಒಳ್ಳೆಯದೂ ಬರುತ್ತದೆ. ನಾನು ದಿನಚರಿ ಬರೆಯುವವಳು. ಆದದ್ದನ್ನು ಆದ ದಿನವೇ ಬರೆದಿಟ್ಟುಕೊಂಡಿದ್ದೇನೆ, ಹಾಗಾಗಿ ಸಿಟ್ಟಿನ ಭರದಲ್ಲಿ ಒಂದಕ್ಕೆರಡು ಸೇರಿಸುವ ಅಗತ್ಯ ನನಗಿಲ್ಲ.

ಅವನ ಕಸುಬು ಮೈಕ್‌ಸೆಟ್ಟು. ಮದುವೆಗಳಿಗೆ ಸ್ಪೀಕರು, ಮೈಕು ಬಾಡಿಗೆಗೆ ಕೊಡುತ್ತಿದ್ದ. ಆದರೆ ಜನ ಅವನನ್ನು ಕರೆಸುತ್ತಿದ್ದದ್ದು ಸ್ಪೀಕರಿಗಾಗಿ ಅಲ್ಲ, ಗಂಟಲಿಗಾಗಿ. ನಮ್ಮ ಕಡೆ ಅಕ್ಷತೆ ಬಿದ್ದ ಮೇಲೆ ಆಯೇರಿ ನಡೆಯುತ್ತದೆ. ಸೀರೆಯೋ ಪಾತ್ರೆಯೋ, ಏನೇ ಉಡುಗೊರೆ ಕೊಟ್ಟರೂ ಅದರ ಜೊತೆ ಒಂದು ಚೀಟಿ ಕೊಡುತ್ತಾರೆ. ಕೊಟ್ಟವರ ಹೆಸರು, ಊರನ್ನು ಮೈಕಿನಲ್ಲಿ ಕೂಗುತ್ತಾರೆ. ಅವನು ಬರೀ ಓದುವವನಲ್ಲ. ಚೀಟಿಯಲ್ಲಿ ‘ಬಸಮ್ಮ, ಮಹಾಗಾಂವ’ ಎಂದಷ್ಟೇ ಇದ್ದರೆ, “ಮಹಾಗಾಂವದ ಬಸಮ್ಮ ಅಕ್ಕಾರು, ಮದುಮಗಳ ಮ್ಯಾಲಿನ ಪ್ರೀತಿಗೆ, ಹಸರ ಇಳಕಲ್ ಸೀರಿ ತಂದಾರ! ಅಕ್ಕಾರ, ಉಂಡ ಹೋಗ್ರಿ ಮತ್ತ!” ಎನ್ನುತ್ತಿದ್ದ. ಬಸಮ್ಮ ಪೆಂಡಾಲಿನ ಯಾವ ಮೂಲೆಯಲ್ಲಿದ್ದರೂ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

“ಚೀಟಿ ಕೊಟ್ಟವರು ಕಿವಿ ಇತ್ಲಾಗ ಇಟ್ಟು ಕಾಯಾಕತ್ತಿರ್ತಾರ,” ಎಂದು ಲೈವಿನಲ್ಲಿ ಮೇಲಿಂದ ಮೇಲೆ ಹೇಳುತ್ತಿದ್ದ. “ಊಟಕ್ಕ ಕುಂತ್ರೂ ತುತ್ತು ಇಳಿಯಂಗಿಲ್ರಿ, ತಮ್ಮ ಹೆಸರು ಬರೂತನ.” ಓದುವವರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಹೆಸರು ಕರೆಯದಿದ್ದರೆ ಕಾದವರಿಗೆ ಏನಾಗುತ್ತದೆ ಎಂಬುದು ಅವನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಕೊರೊನಾ ಬಂದು ಮದುವೆಗೆ ಬೆರಳೆಣಿಕೆಯ ಜನ ಮಾತ್ರ ಸೇರಬೇಕು ಎಂದಾಗ ಯಾರದೋ ಮದುವೆಯನ್ನು ಅವನು ಫೋನಿನಲ್ಲಿ ಲೈವ್ ತೋರಿಸಿದನಂತೆ. ಬರಲಾಗದ ಬೀಗರು ಮನೆಯಲ್ಲೇ ಕೂತು ಕೆಳಗೆ ಹೆಸರು ಬರೆದರು. ಅವನು ಅವನ್ನೇ ಚೀಟಿಯಂತೆ ಕೂಗಿದ. ಮದುವೆ ಮುಗಿದರೂ ಜನ ಹೋಗಲಿಲ್ಲ, ಹೆಸರು ಬರೆಯುತ್ತಲೇ ಇದ್ದರು. ಅದಾದ ಸ್ವಲ್ಪ ದಿನಕ್ಕೆ ದಿನವೂ ಮೂರು ಗಂಟೆಗೆ ಬರತೊಡಗಿದ.

ಶುರುವಿನಲ್ಲಿ ಫೋನನ್ನು ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದ. “ಹಲೋ, ಹಲೋ, ಮೈಕ್ ಟೆಸ್ಟ್.” ತಟ್ಟಲು ಅಲ್ಲಿ ಮೈಕೇ ಇರಲಿಲ್ಲ. ಹಳೆಯ ರೂಢಿಯಲ್ಲಿ ಫೋನನ್ನು ಬಾಯಿಯ ಹತ್ತಿರ ಹಿಡಿಯುತ್ತಿದ್ದರಿಂದ ಪರದೆಯ ತುಂಬ ಮೀಸೆಯೇ. “ಅಣ್ಣಾರ, ಜರಾ ದೂರ ಹಿಡೀರಿ, ಬರೇ ಮೀಸಿ ಕಾಣಾಕತ್ತದ,” ಎಂದು ಯಾರಾದರೂ ಬರೆಯಬೇಕು, ಅವನು ಅದನ್ನೂ ಮದುವೆಯ ದನಿಯಲ್ಲಿ ಓದಬೇಕು, ಆಮೇಲೆ ದೂರ ಹಿಡಿಯಬೇಕು. ಇದು ದಿನದ ವಾಡಿಕೆ.

ಮುಂದೆ ಏನಿರುತ್ತಿತ್ತು? ಏನೂ ಇರುತ್ತಿರಲಿಲ್ಲ. ಕೆಂಪು ಬಾಳೆಹಣ್ಣು ಸುಲಿದು ತಿನ್ನುತ್ತಿದ್ದ. ಹಳೆಯ ಮದುವೆಗಳ ಕಥೆ ಹೇಳುತ್ತಿದ್ದ. ಬಂದವರ ಹೆಸರು ಕರೆದು, ಊಟ ಆಯಿತೇ, ಪಲ್ಯ ಏನು, ಎಂದು ವಿಚಾರಿಸುತ್ತಿದ್ದ. ಇದನ್ನೇಕೆ ನೋಡುತ್ತಾರೆ ಎಂದು ನನಗೆ ತಿಳಿಯುತ್ತಿರಲಿಲ್ಲ. ನಾನು ಕೆಲಸಕ್ಕೆ ಹೋಗುವಾಗ ಹತ್ತುತ್ತಿದ್ದ ಸ್ಟೇಶನ್ ಬಜಾರದ ಆಟೋದವನೂ ಇದನ್ನು ನೋಡುವವನೇ. ಒಂದು ದಿನ ಅವನನ್ನು ಕೇಳಿದೆ.

“ಸಿನೆಮಾ ನೋಡಬಾರದೇನಣ್ಣಾ? ಇದರಾಗ ಏನದ?”

“ಸಿನೆಮಾದವರು ನಾ ನೋಡಿದ್ರೂ ಅದೇ ಮಾತಾಡ್ತಾರ, ನೋಡದಿದ್ರೂ ಅದೇ ಮಾತಾಡ್ತಾರ ತಂಗಿ. ಈ ಮನಷ್ಯಾ ನಾ ಹ್ವಾದ್ರ, ‘ಬಾರೋ ಸ್ಟೇಶನ್ ಬಜಾರ್, ಗಿರಾಕಿ ಸಿಕ್ತೇನು?’ ಅಂತಾನ. ಮನ್ಯಾಗ ಹೆಂಡ್ತಿ ಕೇಳಂಗಿಲ್ಲ ಅದು!”

ಆಮೇಲೆ ನಾನೂ ಗಮನಿಸಿದೆ. ಲೈವಿನ ಗುಟ್ಟು ‘ಈಗಲೇ’ ಎನ್ನುವುದರಲ್ಲಿತ್ತು. “ಹೋ, ನಮ್ಮಲ್ಲಿ ಮಳಿ ಬಂತ್ರೀ,” ಎಂದು ಅವನೆಂದರೆ ಅವ್ವ ಎದ್ದು ಮಾಳಿಗೆಯ ಮೇಲಿನ ಬಟ್ಟೆ ತರುತ್ತಿದ್ದಳು. ಕಮಲಾಪುರದ ಕಡೆಯಿಂದ ಬರುವ ಮಳೆ ಸ್ವಲ್ಪ ಹೊತ್ತಿಗೆ ನಮ್ಮ ಮೇಲೂ ಬೀಳುತ್ತಿತ್ತು. ಒಮ್ಮೆ ಪುಣೆಯಿಂದ ಒಬ್ಬ ಹೆಂಗಸು, ‘ನಾನು ಕಮಲಾಪುರದಲ್ಲಿ ಹುಟ್ಟಿದವಳು, ಓಣಿಯ ಬೇವಿನ ಗಿಡ ಇದೆಯೇ’ ಎಂದು ಬರೆದಳು. ಅವನು ಚಪ್ಪಲಿ ಮೆಟ್ಟಿ, ಟವೆಲ್ಲು ತಲೆಗೆ ಹಾಕಿ, ಬಿಸಿಲಿನಲ್ಲಿ ಆ ಓಣಿಯ ತನಕ ನಡೆದ. ಅಷ್ಟೂ ಜನ ಅವನ ಜೊತೆ ನಡೆದೆವು. ಗಿಡ ಇತ್ತು. ಕಾಂಡಕ್ಕೆ ಫೋನು ತಾಗಿಸಿ, “ಮುಟ್ಟವ್ವಾ, ನಿನ್ನ ಗಿಡ,” ಎಂದ. ಅವ್ವ ಅತ್ತಳು. ಒಳ್ಳೆಯದೂ ಬರುತ್ತದೆ ಎಂದಿದ್ದೆನಲ್ಲ, ಇದೇ ಅದು.

ಇನ್ನು ಅವ್ವನ ವಿಷಯ. ಅವ್ವ ಸೀರೆಗಳಿಗೆ ಫಾಲ್ ಹಚ್ಚಿ ಪಿಕೋ ಮಾಡುತ್ತಾಳೆ. ಓಣಿಯಲ್ಲಿ ಅವಳು ‘ಪಿಕೋ ಆಂಟಿ’. ನೆಂಟರಲ್ಲಿ ನನ್ನ ಹೆಸರು ಹೇಳಿ ‘ಅವಳ ಅವ್ವ’. ಅಪ್ಪ ಅವಳನ್ನು ಕರೆಯುವುದು “ಕೇಳ್ತೇನು” ಎಂದು. ಮದುವೆಯಾಗಿ ಕಮಲಾಪುರ ಬಿಟ್ಟು ಬಂದ ಮೇಲೆ ಅವಳ ಹೆಸರನ್ನು ಪೂರ್ತಿ ಕರೆದವರು ರೇಷನ್ ಅಂಗಡಿಯವರು ಮಾತ್ರ. ಹಾಗಿದ್ದವಳನ್ನು ಅವನು ದಿನವೂ ಮೂರಕ್ಕೆ, “ಬಂದ್ರು ನೋಡ್ರಿ ನಮ್ಮ ಕಮಲಾಪುರದ ಮಗಳು ಶರಣಮ್ಮ ಅಕ್ಕಾರು! ಊಟ ಆಯ್ತೇನ್ರಿ ಅಕ್ಕಾರ?” ಎಂದು ಕೂಗುತ್ತಿದ್ದ. ಅವ್ವ ಖಾಲಿ ಕೋಣೆಯಲ್ಲಿ ಸೆರಗು ಸರಿಮಾಡಿಕೊಂಡು, “ಆಯ್ತ್ರೀ ಅಣ್ಣಾರ, ಪುಂಡಿಪಲ್ಯ,” ಎಂದು ಬಾಯಲ್ಲಿ ಹೇಳುತ್ತ, ಅದನ್ನೇ ಒಂದು ಬೆರಳಿನಲ್ಲಿ ಬರೆಯುತ್ತಿದ್ದಳು. ಲೈವಿನಲ್ಲಿ ಹೆಸರು ಕೇಳಿದ ಸೇಡಂ ರಸ್ತೆಯ ಒಬ್ಬ ಅಕ್ಕ ಮನೆ ಹುಡುಕಿಕೊಂಡು ಬಂದು ಪಿಕೋಗೆ ಸೀರೆ ಕೊಡತೊಡಗಿದಳು. ಅವಳು ಅವ್ವನಿಗೆ ಬಹಳ ವರ್ಷಗಳ ಮೇಲೆ ಸಿಕ್ಕ ಗೆಳತಿ.

ಹೋದ ವರ್ಷ ಬೇಸಿಗೆಯ ಒಂದು ದಿನ ಅವನು ತನ್ನ ಹೆಚ್ಚುಗಾರಿಕೆ ಹೇಳಿಕೊಳ್ಳುತ್ತಿದ್ದ. “ಇಷ್ಟ ವರ್ಷದಾಗ ಒಂದ ಒಂದು ಆಯೇರಿ ಹಿಂದ ಮುಂದ ಮಾಡಿಲ್ರಿ ನಾ.”

ಅವ್ವ ನಕ್ಕಳು. ಕಾರಣವಿತ್ತು. ಆಯೇರಿಯಲ್ಲಿ ಮೊದಲು ಕೂಗಬೇಕಾದದ್ದು ಸೋದರಮಾವ ತಂದದ್ದನ್ನು. ಅದಾಗುವ ತನಕ ಸೋದರಮಾವ ವೇದಿಕೆಯ ಪಕ್ಕ ನಿಂತೇ ಇರುತ್ತಾನೆ. ಕಮಲಾಪುರದಲ್ಲಿ ನನ್ನ ದೊಡ್ಡವ್ವನ ಮಗಳ ಮದುವೆಯಲ್ಲಿ ಇವನು ಯಾರೋ ಗುತ್ತೇದಾರ ತಂದ ಫ್ರಿಜ್ಜನ್ನು ಮೊದಲು ಕೂಗಿಬಿಟ್ಟ. ಮಾವನ ಚೀಟಿ ಉಳಿದ ಚೀಟಿಗಳ ಅಡಿಗೆ ಹೋಯಿತು. ಮಾವ ತಲೆಗೆ ರೇಷ್ಮೆ ಪಟಗ ಸುತ್ತಿಕೊಂಡು ಕಡೆಯ ಸ್ಟೀಲ್ ಡಬ್ಬಿಯನ್ನು ಕೂಗುವ ತನಕ ನಿಂತಿದ್ದರು. ಅಂದಿನಿಂದ ಮನೆಯಲ್ಲಿ ಅವರು ‘ಕಡೀ ಮಾಮಾ’. ಅವರೇ ಹೇಳಿಕೊಂಡು ನಗುತ್ತಾರೆ.

ಅವ್ವ ಸಲಿಗೆಯಿಂದ ಬರೆದಳು: ‘ಅಣ್ಣಾರ, ನಮ್ಮ ಅಕ್ಕನ ಮಗಳ ಮದುವ್ಯಾಗ ಸ್ವಾದರಮಾವನ ಆಯೇರಿ ಕಡೀಕ ಕೂಗಿದ್ರಿ.’ ಪಕ್ಕಕ್ಕೆ ಒಂದು ನಗುವ ಮುಖ ಹಾಕಿದಳು.

ಅವನಿಗೊಂದು ರೂಢಿಯಿತ್ತು. ಚೀಟಿಯನ್ನು ಮೊದಲು ಮನಸ್ಸಿನಲ್ಲಿ ಓದಿ ಆಮೇಲೆ ಕೂಗುವವನಲ್ಲ. ಕಣ್ಣು ಬಿದ್ದಂತೆ ಬಾಯಿ ಓಡುತ್ತಿತ್ತು. ಅವತ್ತೂ ಓಡಿತು. “ಕಮಲಾಪುರದ ಶರಣಮ್ಮ ಅಕ್ಕಾರು! ಅಣ್ಣಾರ, ನಮ್ಮ ಅಕ್ಕನ ಮಗಳ ಮದುವ್ಯಾಗ ಸ್ವಾದರಮಾವನ ಆಯೇರಿ ಕಡೀಕ ಕೂಗಿದ್ರಿ!” ಪೂರ್ತಿ ದನಿಯಲ್ಲಿ, ಪೆಂಡಾಲಿನ ಕೊನೆಯವರಿಗೂ ಕೇಳುವಂತೆ, ತನ್ನ ತಪ್ಪನ್ನು ತಾನೇ ಕೂಗಿದ. ನಗುವ ಮುಖಗಳು ಪರದೆಯ ಮೇಲೆ ಪುರ್ರನೆ ಎದ್ದವು. ‘ಸಿಕ್ಕಬಿದ್ರಿ ಅಣ್ಣಾರ’ ಎಂದು ಯಾರೋ ಬರೆದರು. ಅವನೂ ನಕ್ಕ. ಪಕ್ಕದಲ್ಲಿದ್ದ ಸ್ಟೀಲ್ ಲೋಟ ಎತ್ತಿ ಒಂದು ಗುಟುಕು ನೀರು ಕುಡಿದ.

ಮರುದಿನ ಮೂರಕ್ಕೆ ಅವ್ವ ಎಂದಿನಂತೆ ಬರೆದಳು: ‘ಶರಣಮ್ಮ, ಕಮಲಾಪುರ. ಊಟ ಆಯ್ತು.’ ಅವನು ಅದಕ್ಕೆ ಮೊದಲಿನವರನ್ನು ಕರೆದ, ಒಂದು ಗುಟುಕು ನೀರು ಕುಡಿದ, ಆಮೇಲಿನವರನ್ನು ಕರೆದ. ಅದರ ಮರುದಿನವೂ ಅಷ್ಟೇ. ಕಣ್ಣಿಗೆ ಬಿದ್ದಿಲ್ಲವೇನೋ ಎಂದು ಅವ್ವ ಎರಡೆರಡು ಸಲ ಬರೆದಳು. ಎರಡು ಗುಟುಕು ಕುಡಿದ. ವಾರದ ಮೇಲೆ ನಾನು ರಜೆ ಹಾಕಿ ಪಕ್ಕದಲ್ಲಿ ಕೂತು ನನ್ನ ಫೋನಿನಿಂದ ಅವ್ವನಂತೆಯೇ ‘ಊಟ ಆಯ್ತು’ ಎಂದು ಬರೆದೆ. ನನ್ನ ಹೆಸರು ಕರೆದ. ನನ್ನ ಕೆಳಗಿದ್ದ ಅವ್ವನ ಹೆಸರಿಗೆ ಲೋಟ ಎತ್ತಿದ. ಅವಳ ಕೆಳಗಿದ್ದ ಸೇಡಂ ರಸ್ತೆಯ ಅಕ್ಕನನ್ನು ಕರೆದ. ಅವತ್ತಿನಿಂದ ನಾನು ದಿನಚರಿಯಲ್ಲಿ ಅವಳ ಹೆಸರು ಕರೆಯದ ದಿನಕ್ಕೊಂದು ಗೀಟು ಎಳೆಯತೊಡಗಿದೆ.

ಅವನು ಅವ್ವನನ್ನು ಲೈವಿನಿಂದ ತೆಗೆದುಹಾಕಬಹುದಿತ್ತು. ಹಾಗೆ ಮಾಡಿದ್ದರೆ ಒಂದೇ ದಿನದ ನೋವು. ಬಾಗಿಲು ತೆರೆದಿಟ್ಟು, ಊಟಕ್ಕೆ ಕೂರಿಸಿ, ಎಲೆಗೆ ಮಾತ್ರ ಬಡಿಸದೆ ಮುಂದೆ ಹೋಗುವುದನ್ನು ಅವನು ಆರಿಸಿಕೊಂಡ. ಲೈವ್ ನೋಡುವವರು ಕೆಳಗಿನ ಸಾಲುಗಳನ್ನು ಯಾರೂ ಓದುವುದಿಲ್ಲ, ಅವನು ಕರೆದದ್ದನ್ನು ಕೇಳುತ್ತಾರೆ. ಅವನು ಕರೆಯದವರು ಅಲ್ಲಿ ಇಲ್ಲವೇ ಇಲ್ಲ. ಎರಡು ತಿಂಗಳಿಗೆ ಸೇಡಂ ರಸ್ತೆಯ ಅಕ್ಕ ಸೀರೆ ತಂದವಳು ಕೇಳಿದಳು: “ಯಾಕ್ರೀ ಶರಣಮ್ಮ, ಲೈವಿಗಿ ಬರೂದು ಬಿಟ್ರೇನು?”

“ದಿನಾ ಬರ್ತೀನ್ರಿ,” ಎಂದಳು ಅವ್ವ. ಆಕೆ ನಂಬಲಿಲ್ಲ. ಹೋದ ಮೇಲೆ ಅವ್ವ ಆ ಸೀರೆಯ ಫಾಲನ್ನು ತಿರುಗಾಮುರುಗಾ ಹಚ್ಚಿ, ಬಿಚ್ಚಿ, ಮತ್ತೆ ಹಚ್ಚಿದಳು. ಅವಳ ಕೈ ಹಾಗೆ ತಪ್ಪಿದ್ದನ್ನು ನಾನು ಮೊದಲು ನೋಡಿರಲಿಲ್ಲ.

ಜುಲೈ ತಿಂಗಳ ಒಂದು ಭಾನುವಾರ, ಅವ್ವನಿಗೆ ಹೇಳದೆ ಕಮಲಾಪುರದ ಬಸ್ಸು ಹತ್ತಿದೆ. ಅವನು ಅದೇ ಮಂಚದ ಮೇಲೆ ಕೂತು ಬಾಳೆಯ ಗೊನೆಯಿಂದ ಹಣ್ಣು ಬಿಡಿಸುತ್ತಿದ್ದ.

“ಬಾರವ್ವಾ, ಕೂಡು. ಹಣ್ಣು ತಿನ್ನು. ಯಾರ ಪೈಕಿ ನೀನು?”

“ಶರಣಮ್ಮನ ಮಗಳು. ಖೂಬಾ ಪ್ಲಾಟ್.”

ಅವನ ಕೈ ಲೋಟದ ಕಡೆ ಹೋಯಿತು. ಅಲ್ಲಿ ಲೈವ್ ಇರಲಿಲ್ಲ, ನೋಡುವವರಿರಲಿಲ್ಲ. ಆದರೂ ಒಂದು ಗುಟುಕು ಕುಡಿದ.

“ಅವ್ವನ ಹೆಸರು ಯಾಕ ಕರಿಯಂಗಿಲ್ರಿ?”

“ನೂರಾರು ಮಂದಿ ಬರ್ತಾರವ್ವಾ. ಒಂದೊಂದು ಕಣ್ಣಿಗಿ ಬೀಳಂಗಿಲ್ಲ.”

“ಆಕಿ ಮ್ಯಾಲಿನ ಹೆಸರು ಬೀಳ್ತದ, ಕೆಳಗಿನ ಹೆಸರು ಬೀಳ್ತದ. ನಡುವಿಂದು ಒಂದ ಬೀಳಂಗಿಲ್ಲ?”

ಅವನು ನನ್ನನ್ನು ನೋಡಿ ಮೆಚ್ಚಿಕೊಂಡವನಂತೆ ನಕ್ಕ. “ಲೆಕ್ಕ ಇಟ್ಟೀಯಲ್ಲ! ಭೇಷ್.” ಆಮೇಲೆ ದನಿ ಇಳಿಸಿದ. “ನಾಕ ಮಂದ್ಯಾಗ ನನ್ನ ಬಾಯಿಲೇನ ನನ್ನ ಮಾನ ಕಳದಾಳ ನಿಮ್ಮವ್ವ.”

“ಆಕಿ ಚಾಷ್ಟಿ ಮಾಡ್ಯಾಳ್ರಿ.”

“ನಾನೂ ಚಾಷ್ಟೀನ ಮಾಡಾಕತ್ತೀನಿ.” ಒಂದು ಹಣ್ಣು ಸುಲಿದು ಬಾಯಿಗೆ ಹಾಕಿಕೊಂಡ. “ನೋಡವ್ವಾ, ಫೋನ್ ನಂದು, ಬಾಯಿ ನಂದು. ಆಗಂಗಿಲ್ಲಂದ್ರ ನೋಡೂದು ಬಿಡು ಅಂತ ಹೇಳು. ಬರ್ರಿ ಅಂತ ನಾ ಏನು ಅಕ್ಷತಿ ಕೊಟ್ಟು ಕರದಿದ್ನ್ಯಾ?”

ಬರುವಾಗ ಒತ್ತಾಯ ಮಾಡಿ ಒಂದು ಚಿಪ್ಪು ಬಾಳೆಹಣ್ಣು ಕೈಗಿಟ್ಟ. ಬಸ್ ನಿಲ್ದಾಣದ ಹತ್ತಿರ ಒಂದು ಎಮ್ಮೆಗೆ ಹಾಕಿದೆ. ಅದು ಸಿಪ್ಪೆ ಸಮೇತ ತಿಂದಿತು.

ಮನೆಗೆ ಬಂದು ಒಂದು ಮಾತೂ ಬಿಡದೆ ಹೇಳಿದೆ. ಅವ್ವ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ದಾರವನ್ನು ಹಲ್ಲಿನಿಂದ ಕಡಿದಳು.

“ಬಿಡಂತಾನಾ? ಬಿಟ್ರ ಅವಗ ಆರಾಮ ಆಗ್ತದ. ನಾ ಬಿಡಂಗಿಲ್ಲ. ದಿನಾ ಬರೀತೀನಿ. ನನ್ನ ಹೆಸರು ಕರಿಯವಲ್ಲ ಅಂದ್ರ ನೀರರ ಕುಡೀಲಿ ಮೂಳ.”

ಅವತ್ತಿನಿಂದ ನಮ್ಮ ಮನೆಯ ಮೂರು ಗಂಟೆ ಬೇರೆಯಾಯಿತು. ಅವ್ವ ಬಿಟ್ಟು ಬಿಟ್ಟು ತನ್ನ ಹೆಸರು ಬರೆಯುವಳು. ಅವನು ಬಿಟ್ಟು ಬಿಟ್ಟು ಲೋಟ ಎತ್ತುವನು. “ಕುಡಿ, ಇನ್ನೊಂದು ಗುಟುಕು ಕುಡಿ,” ಎಂದು ಅವ್ವ ಮಗುವಿಗೆ ಔಷಧ ಹಾಕುವವರ ಹಾಗೆ ಹೇಳುವಳು. ಒಂದು ದಿನ ಲೋಟ ಬರಿದಾಗಿ, ಹೆಂಡತಿಯನ್ನು ಕೂಗಿ ತರಿಸಿಕೊಂಡ. “ಭಾಳ ಸೆಕಿ ಅದರೀ ಇವತ್ತ,” ಎಂದ. ಸ್ವಲ್ಪ ಮುಂಚೆ, ಕಮಲಾಪುರದಲ್ಲಿ ಜಿಟಿಜಿಟಿ ಮಳೆ ಎಂದು ಹೇಳಿದ್ದವನು ಅವನೇ. ಅವ್ವ ಮಷಿನ್ನಿನ ಮೇಲೆ ತಲೆಯಿಟ್ಟು ನಕ್ಕಳು. ನಕ್ಕ ಮೇಲೆ ಬಹಳ ಹೊತ್ತು ತಲೆ ಎತ್ತಲಿಲ್ಲ. ಎಷ್ಟು ನೀರು ಕುಡಿಸಿದರೂ ಅವಳಿಗೆ ಬೇಕಾಗಿದ್ದದ್ದು ನೀರಲ್ಲ ಎಂದು ನನಗೆ ಆಗ ತಿಳಿಯಿತು. ಅವನ ಬಾಯಿಂದ ಅವಳ ಹೆಸರು ಒಮ್ಮೆ ಬರಬೇಕಿತ್ತು.

ದಸರೆಯ ಹೊತ್ತಿಗೆ ಬೇರೆ ಯಾರೋ ಹುಡುಗಿಯರು ಅದೇ ಮೂರು ಗಂಟೆಗೆ ಸೀರೆ ಮಾರುವ ಲೈವ್ ಶುರುಮಾಡಿದರು. ಅವರೂ ಹೆಸರು ಕರೆಯುತ್ತಿದ್ದರು, ಹೆಸರು ಬಂದವರಿಗೆ ಬಹುಮಾನವನ್ನೂ ಕೊಡುತ್ತಿದ್ದರು. ಸೇಡಂ ರಸ್ತೆಯ ಅಕ್ಕ ಅಲ್ಲಿಗೆ ಹೋದಳು. ಆಟೋದವನು, “ಮುದುಕಾ ಹೇಳಿದ್ದ ಹೇಳಾಕತ್ತಾನ ತಂಗಿ,” ಎಂದ. ಅವನ ಲೈವಿನ ಮೂಲೆಯಲ್ಲಿ ಕಾಣುವ ನೋಡುವವರ ಸಂಖ್ಯೆ ವಾರ ವಾರ ಇಳಿಯಿತು. ಡಿಸೆಂಬರಿನಲ್ಲಿ ಗಂಟಲು ಕೂತಿತು. ದನಿ ಹೋದವನ ಬಾಯಿಂದ ಹೆಸರು ಕರೆಸಿಕೊಳ್ಳುವುದು ಯಾರಿಗೆ ಬೇಕು? ಅವ್ವ ಮಾತ್ರ ಬಿಡಲಿಲ್ಲ. ಅವನೂ ಬಿಡಲಿಲ್ಲ. ಬರೆಯುವವರು ಐದಾರು ಜನ ಉಳಿದಾಗಲೂ ಅವಳ ಹೆಸರಿಗೆ ಲೋಟವನ್ನೇ ಎತ್ತಿದ. ನುಂಗುವಾಗ ನೋವಿಗೆ ಮುಖ ಕಿವಿಚುತ್ತಿದ್ದ, ಆದರೂ ಕುಡಿದ.

ವರ್ಷದ ಕೊನೆಯ ವಾರ ಅವನನ್ನು ಸೇಡಂ ರಸ್ತೆಯ ಒಂದು ಆಸ್ಪತ್ರೆಗೆ ಸೇರಿಸಿದರೆಂದು ಕಮಲಾಪುರದಿಂದ ದೊಡ್ಡವ್ವ ಫೋನು ಮಾಡಿದಳು. ಕೆಲವು ದಿನ ಲೈವ್ ಇರಲಿಲ್ಲ. ಆಮೇಲೆ ಒಂದು ಭಾನುವಾರ ಸರಿಯಾಗಿ ಮೂರಕ್ಕೆ ನಮ್ಮಿಬ್ಬರ ಫೋನುಗಳೂ ಒಟ್ಟಿಗೆ ಸದ್ದು ಮಾಡಿದವು.

ಪರದೆಯಲ್ಲಿ ಮೊದಲು ಫ್ಯಾನು ಕಾಣಿಸಿತು, ಆಮೇಲೆ ದಿಂಬು, ಆಮೇಲೆ ಯಾರದೋ ಮುಖ. ಮೀಸೆ ಬೋಳಿಸಿದ್ದರು. ಬೆರಳಿನಿಂದ ಎರಡು ಸಲ ಫೋನು ತಟ್ಟಿದಾಗಲೇ ಅವನೆಂದು ಗುರುತು ಸಿಕ್ಕಿದ್ದು.

ಮೂಲೆಯಲ್ಲಿ ನೋಡುವವರ ಸಂಖ್ಯೆ: ಮೂರು. ಅವ್ವ ಒಬ್ಬಳು, ನಾನೊಬ್ಬಳು.

“ಮೂರು ಮಂದಿ ತೋರಸಾಕತ್ತದ,” ಎಂದ. ಗಾಳಿ ಹೆಚ್ಚು, ದನಿ ಕಡಿಮೆ. “ಯಾರ್ಯಾರ ಅದೀರಿ? ಹೆಸರು ಬರೀರಿ. ಕರೀತೀನಿ.”

ಅವ್ವ ಬರೆಯಲಿಲ್ಲ. ಇಷ್ಟು ತಿಂಗಳಲ್ಲಿ ಅವಳು ಬರೆಯದೆ ಕೂತದ್ದು ಅದೇ ಮೊದಲು. ನಾನು ಬರೆಯಲಿಲ್ಲ. ಮೂರನೆಯವರೂ ಬರೆಯಲಿಲ್ಲ.

ಚೀಟಿ ಬರದಿದ್ದಾಗ ಅವನು ನೆನಪಿನಿಂದಲೇ ಕೂಗತೊಡಗಿದ. “ಸೇಡಂ ರೋಡ್ ಅಕ್ಕಾರ, ನೀವೇನ್ರಿ?” ಕಾದ. “ಸ್ಟೇಶನ್ ಬಜಾರ್, ನೀನೇನೋ ತಮ್ಮಾ? ಗಿರಾಕಿ ಸಿಕ್ತೇನು?” ಕಾದ. ಆಸ್ಪತ್ರೆಯ ಫ್ಯಾನು ಕಟಕಟ ಅನ್ನುತ್ತಿತ್ತು. ಕಣ್ಣನ್ನು ಪರದೆಗೆ ತೀರ ಹತ್ತಿರ ತಂದ. ಆ ಕಡೆಯಿಂದ ನಮ್ಮನ್ನು ಕಾಣಲು ಸಾಧ್ಯ ಎನ್ನುವ ಹಾಗೆ.

“ಕಮಲಾಪುರದ ಶರಣಮ್ಮ ಅಕ್ಕಾರ,” ಎಂದ. “ನೀವ ಅದೀರಿ. ನನಗ ಗೊತ್ತದ. ಊಟ ಆಯ್ತೇನ್ರಿ ಅಕ್ಕಾರ?”

ನಾನು ಅವ್ವನ ಕಡೆ ತಿರುಗಿದೆ. ಅವಳ ಕೈ ಸೆರಗಿಗೆ ಹೋಗಲಿಲ್ಲ. ಫೋನಿನ ಕಡೆ ಚಾಚಿತು, ಫೋನನ್ನು ದಾಟಿ ಹೋಯಿತು, ದಾರದ ಡಬ್ಬಿಯ ಹಿಂದೆ ಇಟ್ಟಿದ್ದ ನೀರಿನ ಲೋಟವನ್ನು ತೆಗೆದುಕೊಂಡಿತು. ಅವ್ವ ಒಂದು ಗುಟುಕು ಕುಡಿದಳು. ಲೋಟವನ್ನು ಇದ್ದಲ್ಲೇ ಇಟ್ಟಳು. ಮಷಿನ್ನು ತುಳಿಯತೊಡಗಿದಳು.

ಅವನು ಇನ್ನೂ ಬಹಳ ಹೊತ್ತು ಇದ್ದ. ಮೂಲೆಯ ಸಂಖ್ಯೆಯನ್ನು ನೋಡುತ್ತಿದ್ದ. ಅದು ಮೂರರಿಂದ ಇಳಿಯಲಿಲ್ಲ. ಇಳಿದಿದ್ದರೆ ಎಲ್ಲರೂ ಹೋದರು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಕೇಳಿಸಿಕೊಂಡೂ ಓಗೊಡದವರು ಮೂವರಿದ್ದಾರೆ ಎಂಬುದು ಅವನಿಗೆ ಕಡೆಯ ತನಕ ಕಾಣುತ್ತಲೇ ಇತ್ತು. ನನಗೆ ಕನಿಕರ ಬಂತೆಂದು ಬರೆದರೆ ಓದುವವರಿಗೆ ಹಿತವಾದೀತು. ಆದರೆ ಅವತ್ತಿನ ಪುಟದಲ್ಲಿ ಹಾಗೆ ಬರೆದಿಲ್ಲ. ‘ಸರಿಯಾಯಿತು’ ಎಂದು ಬರೆದು ಅಡಿಗೆರೆ ಎಳೆದಿದ್ದೇನೆ. ಈಗಲೂ ಅದನ್ನು ತಿದ್ದುವುದಿಲ್ಲ.

ಅದೇ ವಾರ ಅವನು ತೀರಿಕೊಂಡ. ದೊಡ್ಡವ್ವನ ಫೋನು ಬಂದಾಗ ಅವ್ವ, “ಹೌದಾ,” ಎಂದು ಸೂಜಿಗೆ ದಾರ ಪೋಣಿಸಿದಳು.

ನನಗೆ ಗೊತ್ತಿಲ್ಲದ್ದು ಒಂದೇ ಒಂದು ಉಳಿದಿದೆ. ಸೇಡಂ ರಸ್ತೆಯ ಅಕ್ಕನನ್ನು ಕೇಳಿದೆ, ಅವಳಲ್ಲ. ಆಟೋದವನಲ್ಲ. ಅವನ ಮನೆಯವರೂ ಅಲ್ಲ, ಅವರು ಅವನ ಮಂಚದ ಪಕ್ಕದಲ್ಲೇ ಇದ್ದರಂತೆ. ಆ ಮೂರನೆಯವರು ನೀವಾಗಿದ್ದರೆ, ಅಥವಾ ಅವರು ಯಾರೆಂದು ಬಲ್ಲವರಾಗಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ನನಗೊಂದು ಪತ್ರ ಹಾಕಿ. ಅವತ್ತು ಯಾಕೆ ಸುಮ್ಮನಿದ್ದಿರಿ ಎಂದು ಕೇಳುವುದಿಲ್ಲ. ನಿಮ್ಮ ಹೆಸರಿಗೆ ಅವನು ಎಷ್ಟು ದಿನ ನೀರು ಕುಡಿದ, ಯಾವ ತಪ್ಪಿಗೆ, ಅಷ್ಟು ತಿಳಿಸಿ. ಹೆಸರು, ಊರು ಬಿಡಿಸಿ ಬರೆಯಿರಿ. ಪತ್ರ ಬಂದ ದಿನ ಮೂರು ಗಂಟೆಗೆ ಅವ್ವ ಅದನ್ನು ಗಟ್ಟಿಯಾಗಿ ಓದುತ್ತೇನೆ ಅಂದಿದ್ದಾಳೆ.